ಗೊತ್ತಿಲ್ಲದ ಪದದ ಅಕ್ಕಪಕ್ಕ

ಓದುತ್ತಾ ಹೋಗುವಾಗ ಗೊತ್ತಿಲ್ಲದ ಪದವೊಂದು ಎದುರಾದರೆ ಏನು ಮಾಡುತ್ತೀರಿ? ಹೀಗೆ ಕೇಳಿದರೆ ‘ನಿಘಂಟು ನೋಡುತ್ತೇನೆ’ ಎನ್ನುವವರೇ ಜಾಸ್ತಿ. ನಿಜವಾಗಿ ನಡೆಯುವುದು ಬೇರೆ. ಬಹಳಷ್ಟು ಸಲ ನಾವು ನಿಲ್ಲುವುದೇ ಇಲ್ಲ. ಕಣ್ಣು ಅರೆಗಳಿಗೆ ತಡೆಯುತ್ತದೆ, ಹಿಂದಿನ ಸಾಲನ್ನು ಒಮ್ಮೆ ಸವರುತ್ತದೆ, ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಮನಸ್ಸು ಏನೋ ಒಂದು ಅರ್ಥವನ್ನು ಅಲ್ಲಿ ಇಟ್ಟಾಗಿರುತ್ತದೆ. ಪುಟ ಮುಗಿಯುವ ಹೊತ್ತಿಗೆ ಆ ಪದ ಗೊತ್ತಿರಲಿಲ್ಲ ಅನ್ನುವುದೂ ಮರೆತಿರುತ್ತದೆ.

ಈ ಅರೆಗಳಿಗೆಯಲ್ಲಿ ನಡೆಯುವ ಕೆಲಸ ನನಗೆ ತುಂಬಾ ಇಷ್ಟದ ವಿಷಯ. ಯಾಕೆಂದರೆ ನಾವು ಇವತ್ತು ಬಳಸುವ ಪದಗಳಲ್ಲಿ ಬಹುಪಾಲು ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ನಿಘಂಟಿನಲ್ಲಿ ಹುಡುಕಿದ್ದೂ ಅಲ್ಲ. ‘ಹವಣಿಸು’, ‘ಬಿಗುಮಾನ’, ‘ಅಳುಕು’, ‘ಆದಾಗ್ಯೂ’ – ಇವುಗಳ ಅರ್ಥ ಮೊದಲು ತಿಳಿದದ್ದು ಯಾವಾಗ ಎಂದು ಕೇಳಿದರೆ ಯಾರು ತಾನೇ ಹೇಳಬಲ್ಲರು? ಸುಮ್ನೆ ಓದುತ್ತಾ, ಕೇಳುತ್ತಾ ಬಂದವು. ಹೇಗೆ ಬಂದವು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ ಅನ್ನಿಸಿತು.

ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಸಂದರ್ಭದಿಂದ ಅರ್ಥ ಊಹಿಸುವುದು ಅಂದರೆ ಒಂದೇ ಏಟಿಗೆ ಸರಿ ಉತ್ತರ ಕಂಡುಹಿಡಿಯುವುದಲ್ಲ. ಒಂದು ಅರೆಬರೆ ಅರ್ಥವನ್ನು ಸಡಿಲವಾಗಿ ಹಿಡಿದುಕೊಂಡು, ಅದು ಬದಲಾಗಲು ಜಾಗ ಬಿಟ್ಟು, ಓದು ಮುಂದುವರಿಸುವುದು. ಊಹೆ ಮಾಡುವುದನ್ನು ಮಕ್ಕಳಿಗೆ ಹೇಳಿಕೊಡುತ್ತೇವೆ. ಮಾಡಿದ ಊಹೆಯನ್ನು ಬದಲಿಸುವುದನ್ನು ಅಷ್ಟಾಗಿ ಹೇಳಿಕೊಡುವುದಿಲ್ಲ. ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಇರುವುದು ಆ ಎರಡನೆಯದರಲ್ಲೇ.

ಇದನ್ನು ಬಹಳ ಚೆನ್ನಾಗಿ ತೋರಿಸುವ ಒಂದು ಹಳೆಯ ಪ್ರಯೋಗ ಇದೆ. 1952ರಲ್ಲಿ ಹೈನ್ಜ್ ವರ್ನರ್ ಮತ್ತು ಈಡಿತ್ ಕಪ್ಲಾನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು. ಅವರು ಸುಮಾರು 8ರಿಂದ 13 ವರ್ಷದ ಮಕ್ಕಳಿಗೆ ಯಾವ ಭಾಷೆಯಲ್ಲೂ ಇಲ್ಲದ 12 ಹುಸಿಪದಗಳನ್ನು ಕೊಟ್ಟರು. ಒಂದೊಂದು ಪದಕ್ಕೂ ಆರಾರು ವಾಕ್ಯ. ಒಂದು ವಾಕ್ಯ ತೋರಿಸಿ ‘ಈ ಪದದ ಅರ್ಥ ಏನಿರಬಹುದು?’ ಎಂದು ಕೇಳುವುದು, ಆಮೇಲೆ ಇನ್ನೊಂದು ವಾಕ್ಯ ತೋರಿಸಿ ಮತ್ತೆ ಕೇಳುವುದು. ಹೀಗೆ ಆರನೆಯದರವರೆಗೆ.

ಅದರಲ್ಲಿ ಒಂದು ಪದ ‘ಕಾರ್ಪ್ಲಮ್’. ನೀವೂ ಊಹಿಸುತ್ತಾ ಬನ್ನಿ. ಮೊದಲ ವಾಕ್ಯದ ಪ್ರಕಾರ ಕಾರ್ಪ್ಲಮ್ ಅನ್ನು ಆಸರೆಗೆ ಬಳಸಬಹುದು. ಇಷ್ಟರಿಂದ ಏನು ಗೊತ್ತಾಗುತ್ತದೆ? ಗೋಡೆ ಇರಬಹುದು, ಕಂಬ ಇರಬಹುದು, ಊರುಗೋಲು ಇರಬಹುದು, ಗೆಳೆಯನ ಹೆಗಲೂ ಇರಬಹುದು. ಎರಡನೆಯ ವಾಕ್ಯ: ತೆರೆದ ಜಾಗವನ್ನು ಮುಚ್ಚಲು ಕಾರ್ಪ್ಲಮ್‌ಗಳನ್ನು ಬಳಸಬಹುದು. ಗೆಳೆಯನ ಹೆಗಲು ಬಿಟ್ಟುಹೋಯಿತು. ಇಟ್ಟಿಗೆ, ಹಲಗೆ, ಕಲ್ಲು ಮುಂದೆ ಬಂದವು. ಮೂರನೆಯದು: ಕಾರ್ಪ್ಲಮ್ ಉದ್ದ ಇರಬಹುದು, ಗಿಡ್ಡ ಇರಬಹುದು, ದಪ್ಪ ಇರಬಹುದು, ತೆಳ್ಳಗಿರಬಹುದು, ಗಟ್ಟಿ ಇರಬಹುದು, ಇಲ್ಲದೆಯೂ ಇರಬಹುದು. ಇಟ್ಟಿಗೆಯ ಮೇಲೆ ಅನುಮಾನ ಬಂತು. ಯಾರೂ ತೆಳ್ಳಗಿನ ಉದ್ದನೆಯ ಇಟ್ಟಿಗೆ ಎನ್ನುವುದಿಲ್ಲ ಅಲ್ವಾ?

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಒದ್ದೆ ಕಾರ್ಪ್ಲಮ್ ಉರಿಯುವುದಿಲ್ಲ. ಈ ವಾಕ್ಯ ಹೇಳಿದ್ದು ಉರಿಯದೇ ಇರುವುದರ ಬಗ್ಗೆ. ನಮಗೆ ತಿಳಿದದ್ದು ಮಾತ್ರ ಅದು ಉರಿಯುವ ವಸ್ತು ಎಂದು. ಕಲ್ಲಾಗಿದ್ದರೆ ‘ಒದ್ದೆ ಕಲ್ಲು ಉರಿಯುವುದಿಲ್ಲ’ ಎಂದು ಯಾರೂ ಬರೆಯುತ್ತಿರಲಿಲ್ಲ. ಅಂದರೆ ವಾಕ್ಯದಲ್ಲಿ ಇರುವುದನ್ನಷ್ಟೇ ನಾವು ಓದುತ್ತಿಲ್ಲ, ಬರೆದವರು ಇದನ್ನು ಯಾಕೆ ಹೇಳಿರಬಹುದು ಅನ್ನುವುದನ್ನೂ ಓದುತ್ತಿದ್ದೇವೆ. ಐದನೆಯ ವಾಕ್ಯದಲ್ಲಿ ಅದನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಬಹುದು ಎಂದಿದೆ. ಆರನೆಯದರಲ್ಲಿ ಚಿತ್ರಕಾರ ಅದರಿಂದ ಬಣ್ಣ ಕಲಸಿದ ಎಂದಿದೆ. ಈಗ ಹಲಗೆಯೂ ಕೈಬಿಟ್ಟುಹೋಗಿ ಕೋಲು, ಮರದ ತುಂಡು ಉಳಿಯುತ್ತದೆ. ಸರಿ ಉತ್ತರ ಅದೇ.

ಈ ಪ್ರಯೋಗದಲ್ಲಿ ಸಣ್ಣ ಮಕ್ಕಳು ಮಾಡಿದ್ದು ಬಹಳ ಕುತೂಹಲದ್ದು. ಅವರು ಪದವನ್ನೂ ವಾಕ್ಯವನ್ನೂ ಬೇರೆ ಬೇರೆ ಮಾಡುತ್ತಿರಲಿಲ್ಲ. ವಾಕ್ಯದಲ್ಲಿ ಇದ್ದದ್ದನ್ನೆಲ್ಲ ಪದದ ಒಳಗೆ ತುಂಬಿಬಿಡುತ್ತಿದ್ದರು. ಹೀಗಾಗಿ ಒಂದೊಂದು ವಾಕ್ಯಕ್ಕೆ ಒಂದೊಂದು ಅರ್ಥ ಬರುತ್ತಿತ್ತು, ಅವು ಒಂದಕ್ಕೊಂದು ಸೇರುತ್ತಿರಲಿಲ್ಲ. ದೊಡ್ಡ ಮಕ್ಕಳು ಮಾತ್ರ ಹೊಸ ವಾಕ್ಯ ಬಂದಾಗ ಹಳೆಯ ವಾಕ್ಯಗಳಿಗೂ ಹಿಂದಿರುಗಿ, ‘ಈ ಅರ್ಥ ಅಲ್ಲಿಗೂ ಹೊಂದುತ್ತದಾ?’ ಎಂದು ನೋಡುತ್ತಿದ್ದರು. ಬೆಳೆದದ್ದು ಊಹಿಸುವ ಶಕ್ತಿ ಒಂದೇ ಅಲ್ಲ, ಊಹೆಯನ್ನು ಒರೆಗೆ ಹಚ್ಚುವ ಅಭ್ಯಾಸವೂ ಬೆಳೆದಿತ್ತು.

ಆದರೆ ಪುಸ್ತಕಗಳು ಹೀಗೆ ಆರು ವಾಕ್ಯ ಜೋಡಿಸಿಕೊಂಡು ಕಾಯುತ್ತಾ ಕೂತಿರುವುದಿಲ್ಲ. ಇದು ದೊಡ್ಡ ವ್ಯತ್ಯಾಸ. ಕಥೆ ಬರೆಯುವವರಿಗೆ ಕಥೆ ಹೇಳಬೇಕಿರುತ್ತದೆ, ಪದ ಕಲಿಸಬೇಕಿರುವುದಿಲ್ಲ. ಓದುಗರಿಗೆ ಆ ಪದ ಗೊತ್ತಿದೆ ಅಂದುಕೊಂಡೇ ಅವರು ಬರೆಯುತ್ತಾರೆ. ಅದರಿಂದ ಸುಳಿವು ಇದ್ದರೆ ಅದು ಆಕಸ್ಮಿಕ.

ಈ ಮಾತನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದವರು ಪದಕಲಿಕೆಯ ಸಂಶೋಧಕರಾದ ಇಸಬೆಲ್ ಬೆಕ್, ಮಾರ್ಗರೆಟ್ ಮೆಕ್‌ಕ್ಯೋನ್ ಮತ್ತು ಎಲೆನ್ ಮೆಕ್‌ಕ್ಯಾಸ್ಲಿನ್. ಎಲ್ಲ ಸಂದರ್ಭಗಳೂ ಒಂದೇ ತರಹ ಇರುವುದಿಲ್ಲ ಎಂದು 1983ರಲ್ಲಿ ಬರೆದರು. ಅರ್ಥದ ಕಡೆಗೆ ನೇರವಾಗಿ ಕೈತೋರುವ ಸಂದರ್ಭ ಇರುತ್ತದೆ. ಸುಮಾರಾಗಿ ದಿಕ್ಕು ತೋರುವುದು ಇರುತ್ತದೆ. ಏನೂ ಹೇಳದೆ ಸುಮ್ಮನಿರುವುದು ಇರುತ್ತದೆ. ಕೊನೆಗೆ, ದಾರಿ ತಪ್ಪಿಸುವುದೂ ಇರುತ್ತದೆ. ಅವರು ಕಥೆಗಳಲ್ಲಿ ಕೆಲವು ಪದಗಳನ್ನು ಅಳಿಸಿ, ಆ ಪದಗಳು ಚೆನ್ನಾಗಿ ಗೊತ್ತಿದ್ದ ದೊಡ್ಡವರಿಗೇ ತುಂಬಲು ಕೊಟ್ಟರು. ಕೈತೋರುವ ಕಡೆ ಬಹುತೇಕ ಸರಿಯಾಯಿತು. ದಾರಿ ತಪ್ಪಿಸುವ ಕಡೆ ಹೆಚ್ಚುಕಡಿಮೆ ಯಾರಿಗೂ ಆಗಲಿಲ್ಲ.

ಕನ್ನಡದಲ್ಲೇ ನೋಡೋಣ. ‘ಹಳಹಳಿ’ ಎಂಬ ಪದ ತೆಗೆದುಕೊಳ್ಳಿ. ಕೆಲವರಿಗೆ ಇದು ಮನೆಮಾತಿನ ಪದ, ಕೆಲವರು ಕೇಳಿಯೇ ಇರುವುದಿಲ್ಲ. ಕೇಳದವರ ಕಣ್ಣಿನಿಂದ ಈ ವಾಕ್ಯ ಓದಿ: ‘ಬಂದವರನ್ನೆಲ್ಲ ನಗುನಗುತ್ತಾ ಮಾತನಾಡಿಸಿದಳು, ಮಾತಿನ ತುಂಬ ಹಳಹಳಿ.’ ಇದೇನು ಸಡಗರವೇ? ಉತ್ಸಾಹವೇ? ‘ಕಳಕಳಿ’ಯ ಹಾಗೆ ಪ್ರೀತಿಯ ಕಾಳಜಿಯೇ? ನಗುವಿನ ಪಕ್ಕದಲ್ಲಿ ಕೂತದ್ದರಿಂದ ಪದ ತಪ್ಪು ದಿಕ್ಕಿಗೆ ತಿರುಗಿತು. ಇನ್ನೊಂದು ವಾಕ್ಯ: ‘ಅವನಿಗೆ ಮತ್ತೆ ಹಳಹಳಿ ಶುರುವಾಯಿತು.’ ಕೆಮ್ಮೂ ಆಗಬಹುದು, ಹಂಬಲವೂ ಆಗಬಹುದು. ಮನುಷ್ಯನಿಗೆ ಶುರುವಾಗುವಂಥದ್ದು ಏನೋ ಎಂದಷ್ಟೇ ಗೊತ್ತು. ಮುಂದಿನದು: ‘ಮನೆ ಮಾರಿದ ಮೇಲೆ ಅಪ್ಪನನ್ನು ಹಳಹಳಿ ಬಿಡಲಿಲ್ಲ.’ ಈಗ ಸುಖದ ಮಾತಲ್ಲ ಎನ್ನುವುದು ಖಚಿತ. ಕೊನೆಗೆ ಇದು: ‘ಮಾರಬಾರದಿತ್ತು, ಇನ್ನೊಂದು ವರ್ಷ ತಡೆಯಬೇಕಿತ್ತು ಎಂದು ಅಪ್ಪ ದಿನವೂ ಅನ್ನುತ್ತಿದ್ದರು. ಸಾಯುವ ತನಕ ಅವರ ಹಳಹಳಿ ಕಡಿಮೆಯಾಗಲಿಲ್ಲ.’

ಇಲ್ಲಿಗೆ ಬಂದ ಮೇಲೆ ಮೊದಲ ವಾಕ್ಯಕ್ಕೆ ಹಿಂದಿರುಗಿ ನೋಡಿ. ನಗುನಗುತ್ತಾ ಮಾತನಾಡಿಸಿದಳು, ಆದರೆ ಮಾತಿನ ತುಂಬ ಕಳೆದುಕೊಂಡದ್ದರ ಕೊರಗು. ಆ ಅಲ್ಪವಿರಾಮದ ಜಾಗದಲ್ಲಿ ಒಂದು ‘ಆದರೂ’ ಅಡಗಿತ್ತು. ಅರ್ಥ ತಿಳಿದ ಮೇಲೆಯೇ ಅದು ಕಾಣಿಸುತ್ತದೆ. ಸಂದರ್ಭ ಪದಕ್ಕೆ ಅರ್ಥ ಕೊಡುತ್ತದೆ ಎನ್ನುತ್ತೇವೆ. ಅರ್ಥ ಬಂದ ಮೇಲೆ ಪದವೂ ತಿರುಗಿ ಸಂದರ್ಭವನ್ನು ಬದಲಿಸುತ್ತದೆ. ಓದಿನಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವ ಗಳಿಗೆ ಇದು.

ಮೊದಲ ವಾಕ್ಯವನ್ನಷ್ಟೇ ಓದಿ ‘ಹಳಹಳಿ ಅಂದರೆ ಸಡಗರ’ ಎಂದು ಗಟ್ಟಿ ಮಾಡಿಕೊಂಡವರ ಗತಿ ಏನು? ಅವರು ಮುಂದಿನ ಸಲ ಆ ಪದ ಸಿಕ್ಕಾಗ ಅದೇ ಅರ್ಥವನ್ನು ಒತ್ತಾಯದಿಂದ ಕೂರಿಸಲು ನೋಡುತ್ತಾರೆ. ವಾಕ್ಯ ಹೊಂದದಿದ್ದರೆ ವಾಕ್ಯವನ್ನೇ ತಿರುಚಿ ಓದುತ್ತಾರೆ. ಊಹೆ ತಪ್ಪಾದದ್ದು ಇಲ್ಲಿ ದೊಡ್ಡ ತೊಂದರೆ ಅಲ್ಲ. ಎಲ್ಲರ ಊಹೆಯೂ ತಪ್ಪುತ್ತದೆ. ಅದನ್ನು ಊಹೆ ಎಂದು ನೆನಪಿಟ್ಟುಕೊಳ್ಳದೇ ಹೋದದ್ದು ತೊಂದರೆ.

ಹಾಗಾದರೆ ಒಂದು ಸಲ ಕಂಡ ಪದದಿಂದ ನಮಗೆ ದಕ್ಕುವುದೆಷ್ಟು? ಇದನ್ನು ಅಳೆದಿದ್ದಾರೆ. ಸ್ವಾನ್‌ಬಾರ್ನ್ ಮತ್ತು ಡಿ ಗ್ಲಾಪರ್ ಎಂಬ ಸಂಶೋಧಕರು 1999ರಲ್ಲಿ ಇಂಥ 20 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಸಹಜವಾಗಿ ಓದಿಕೊಂಡು ಹೋಗುವಾಗ ಎದುರಾಗುವ 100 ಗೊತ್ತಿಲ್ಲದ ಪದಗಳಲ್ಲಿ ಸುಮಾರು 15ನ್ನು ವಿದ್ಯಾರ್ಥಿಗಳು ಒಂದಿಷ್ಟು ಕಲಿತಿರುತ್ತಾರೆ ಎಂದು ಅವರ ಲೆಕ್ಕ. ಇದು ತೀರಾ ಕಡಿಮೆ ಎಂದು ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಏನೂ ಪ್ರಯತ್ನ ಮಾಡದೆ, ಕಥೆಯಲ್ಲಿ ಮುಳುಗಿದ್ದಾಗ, ಹಾಗೇ ಸುಮ್ನೆ ಅಂಟಿಕೊಂಡದ್ದು ಅಷ್ಟು. ಓದುವ ಅಭ್ಯಾಸ ಇರುವವರ ಕಣ್ಣಿಗೆ ವರ್ಷಕ್ಕೆ ಲಕ್ಷಗಟ್ಟಲೆ ಪದ ಬೀಳುತ್ತವೆ. ಅದರಲ್ಲಿ ಗೊತ್ತಿಲ್ಲದವು ಸಾವಿರಾರು. ಅವುಗಳಲ್ಲಿ ಒಂದು ಸಣ್ಣ ಪಾಲು ದಕ್ಕಿದರೂ ವರ್ಷಗಳು ಉರುಳಿದ ಹಾಗೆ ದೊಡ್ಡ ಸಂಪತ್ತೇ ಆಗುತ್ತದೆ.

ಇಷ್ಟಕ್ಕೂ ‘ಗೊತ್ತು’ ಮತ್ತು ‘ಗೊತ್ತಿಲ್ಲ’ ಎಂದು ಎರಡೇ ಗುಂಪು ಮಾಡುವುದು ಸರಿಯಲ್ಲ. ಶಿಕ್ಷಣತಜ್ಞ ಎಡ್ಗರ್ ಡೇಲ್ 1965ರಲ್ಲೇ ನಾಲ್ಕು ಮೆಟ್ಟಿಲು ಹೇಳಿದ್ದರು. ಕಂಡೇ ಇಲ್ಲದ ಪದ ಒಂದು. ಕಂಡಿದ್ದೇನೆ, ಅರ್ಥ ಗೊತ್ತಿಲ್ಲ ಅನ್ನುವುದು ಇನ್ನೊಂದು. ಇಂಥ ವಿಷಯಕ್ಕೆ ಸೇರಿದ್ದು ಎಂದು ಮಬ್ಬಾಗಿ ಗೊತ್ತಿರುವುದು ಮೂರನೆಯದು. ಚೆನ್ನಾಗಿ ಗೊತ್ತಿರುವುದು ಕೊನೆಯದು. ಪ್ರಾಮಾಣಿಕವಾಗಿ ನೋಡಿಕೊಂಡರೆ ನಮ್ಮ ಪದಗಳಲ್ಲಿ ಎಷ್ಟೊಂದು ಆ ಮೂರನೆಯ ಮೆಟ್ಟಿಲಲ್ಲೇ ನಿಂತಿರುತ್ತವೆ! ಮರಗಳ ಹೆಸರು, ಹಕ್ಕಿಗಳ ಹೆಸರು, ಹಡಗಿನ ಭಾಗಗಳ ಹೆಸರು, ಬಟ್ಟೆಯ ಬಗೆಗಳು. ಕಥೆಯೊಳಗೆ ಯಾರೋ ಒಂದು ಮರದ ಕೆಳಗೆ ಕೂತರೆ ನನಗೆ ಅದು ‘ನೆರಳು ಕೊಡುವ ಒಂದು ಮರ’ ಎಂದಾದರೆ ಸಾಕು. ಆ ಮರದ ಎಲೆ, ಹೂವು, ತೊಗಟೆ ನನಗೆ ಬೇಡ. ಮುಂದೆ ಅದೇ ಮರದ ಮುಳ್ಳು ಯಾರಿಗೋ ಚುಚ್ಚಿದರೆ ಆಗ ಮುಳ್ಳನ್ನು ಸೇರಿಸಿಕೊಳ್ಳುತ್ತೇನೆ. ಕಥೆ ಎಷ್ಟು ಕೇಳುತ್ತದೋ ಅಷ್ಟೇ ದೊಡ್ಡ ಊಹೆ ಸಾಕು. ಅದಕ್ಕಿಂತ ಹೆಚ್ಚು ತುಂಬಿಸಿಕೊಂಡರೆ ಅದು ನಮ್ಮ ಕಲ್ಪನೆ, ಪದದ ಅರ್ಥ ಅಲ್ಲ.

ಊಹೆಗೆ ಒಂದು ಕನಿಷ್ಠ ಬಂಡವಾಳ ಬೇಕು ಅನ್ನುವುದನ್ನೂ ಹೇಳಬೇಕು. ಸುತ್ತಲಿನ ಪದಗಳು ಗೊತ್ತಿದ್ದರೆ ತಾನೇ ನಡುವಿನ ಪದ ಬಿಡಿಸಲು ಆಗುವುದು? 2000ದಲ್ಲಿ ಹು ಮತ್ತು ಪಾಲ್ ನೇಶನ್ ಮಾಡಿದ ಅಧ್ಯಯನದ ಪ್ರಕಾರ, ಕಥೆಯೊಂದನ್ನು ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಲು ಅದರ ಪದಗಳಲ್ಲಿ ಶೇ. 98ರಷ್ಟು ಗೊತ್ತಿರಬೇಕು. ಅಂದರೆ 50 ಪದಕ್ಕೆ ಒಂದು ಹೊಸ ಪದ. ಶೇ. 80 ಮಾತ್ರ ಗೊತ್ತಿದ್ದಾಗ, ಅಂದರೆ ಐದರಲ್ಲಿ ಒಂದು ಗೊತ್ತಿಲ್ಲದಾಗ, ಅವರ ಪ್ರಯೋಗದಲ್ಲಿ ಯಾರಿಗೂ ಕಥೆ ಸಾಕಷ್ಟು ಅರ್ಥವಾಗಲಿಲ್ಲ. ಇದು ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಓದುವವರ ಮೇಲೆ ಮಾಡಿದ ಅಧ್ಯಯನ. ಕನ್ನಡಕ್ಕೆ ಇದೇ ಅಂಕಿ ಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ‘ಸಂದರ್ಭ ನೋಡಿ ಅರ್ಥ ಮಾಡಿಕೋ’ ಎಂದು ಮಕ್ಕಳಿಗೆ ಹೇಳುವ ಮೊದಲು ಆ ಪುಟದಲ್ಲಿ ಅವರಿಗೆ ಸಂದರ್ಭ ಅನ್ನುವುದು ಉಳಿದಿದೆಯೇ ಎಂದು ನೋಡಬೇಕು. ಪ್ರತಿ ಸಾಲಲ್ಲೂ ಎರಡು ಮೂರು ಪದ ಗೊತ್ತಿಲ್ಲದ ಮಗುವಿಗೆ ಈ ಮಾತು ಹೇಳುವುದು ನ್ಯಾಯವಲ್ಲ. ಆ ಮಗುವಿಗೆ ಬೇಕಿರುವುದು ಸುಲಭದ ಪುಸ್ತಕ, ಇಲ್ಲವೇ ಪಕ್ಕದಲ್ಲಿ ಕೂತು ಹೇಳಿಕೊಡುವ ಒಬ್ಬರು.

ಇಷ್ಟು ಹೊತ್ತು ಹೇಳಿದ್ದು ಹೊಸಕಾಲದ ಪ್ರಯೋಗಗಳ ಮಾತು. ಆದರೆ ಪದಕ್ಕೆ ಅರ್ಥ ಎಲ್ಲಿಂದ ತಿಳಿಯುತ್ತದೆ ಎಂಬ ಪ್ರಶ್ನೆಯನ್ನು ಸಂಸ್ಕೃತದ ಶಾಸ್ತ್ರಕಾರರು ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ನ್ಯಾಯಶಾಸ್ತ್ರದವರು (ಇಲ್ಲಿ ನ್ಯಾಯ ಅಂದರೆ ತರ್ಕದ ಶಾಸ್ತ್ರ, ಕಾನೂನಲ್ಲ) ಎಂಟು ದಾರಿಗಳನ್ನು ಎಣಿಸುತ್ತಾರೆ: ವ್ಯಾಕರಣ, ಹೋಲಿಕೆ, ಕೋಶ, ನಂಬಿಕಸ್ಥರ ಮಾತು, ಜನರ ವ್ಯವಹಾರ, ವಾಕ್ಯದ ಉಳಿದ ಭಾಗ, ವಿವರಣೆ, ಮತ್ತು ಗೊತ್ತಿರುವ ಪದದ ನೆರೆ. ಕೋಶ, ಅಂದರೆ ನಿಘಂಟು, ಎಂಟರಲ್ಲಿ ಒಂದು ಮಾತ್ರ!

ಕೊನೆಯ ದಾರಿಗೆ ಅವರು ಕೊಡುವ ಉದಾಹರಣೆ ಬಹಳ ಚೆಂದ. ‘ಈ ಮಾವಿನ ಮರದಲ್ಲಿ ಪಿಕ ಇಂಪಾಗಿ ಕೂಗುತ್ತಿದೆ.’ ಪಿಕ ಅಂದರೆ ಏನೆಂದು ಗೊತ್ತಿಲ್ಲದವನಿಗೂ ಮಾವಿನ ಮರ ಗೊತ್ತು, ಇಂಪು ಗೊತ್ತು, ಕೂಗುವುದು ಗೊತ್ತು. ಆದ್ದರಿಂದ ಪಿಕ ಅಂದರೆ ಕೋಗಿಲೆ ಎಂದು ತಿಳಿಯುತ್ತದೆ. ಗಮನಿಸಿ, ಇಲ್ಲಿ ವಾಕ್ಯವೊಂದೇ ಕೆಲಸ ಮಾಡುತ್ತಿಲ್ಲ. ಮಾವಿನ ಮರದಲ್ಲಿ ಕೂತು ಇಂಪಾಗಿ ಕೂಗುವುದು ಯಾವುದು ಎಂಬ ಲೋಕದ ತಿಳಿವಳಿಕೆಯೂ ಓದುಗನಲ್ಲಿ ಇರಬೇಕು. ಕೋಗಿಲೆಯನ್ನು ಕಂಡು ಕೇಳಿ ಗೊತ್ತಿಲ್ಲದವನು ‘ಯಾವುದೋ ಹಕ್ಕಿ’ ಎಂಬಲ್ಲಿಗೆ ನಿಲ್ಲುತ್ತಾನೆ.

ವಾಕ್ಯದ ಉಳಿದ ಭಾಗ ಎಂಬ ದಾರಿಗೆ ಉದಾಹರಣೆಯಾಗಿ ಮೀಮಾಂಸಕರ, ಅಂದರೆ ವೇದವಾಕ್ಯಗಳ ಅರ್ಥ ವಿಚಾರಿಸುವವರ, ಒಂದು ಚರ್ಚೆ ಇದೆ. ‘ಯವ’ ಎಂಬ ಪದಕ್ಕೆ ಕೆಲವರು ಬಾರ್ಲಿಯಂಥ ಉದ್ದ ಕೂದಲಿನ ಧಾನ್ಯ ಎನ್ನುತ್ತಿದ್ದರು, ಇನ್ನು ಕೆಲವರು ಬೇರೊಂದು ಕಿರುಧಾನ್ಯಕ್ಕೆ ಅದೇ ಪದ ಬಳಸುತ್ತಿದ್ದರು. ಯಾವುದು ಸರಿ? ನಿಘಂಟು ಬಿಚ್ಚಲಿಲ್ಲ. ಅದೇ ಪ್ರಕರಣದ ಮುಂದಿನ ವಾಕ್ಯ ನೋಡಿದರು. ‘ಬೇರೆ ಗಿಡಗಳೆಲ್ಲ ಬಾಡುವಾಗ ಇವು ನಲಿಯುತ್ತಾ ನಿಂತಿರುತ್ತವೆ’ ಎಂದು ಅಲ್ಲಿತ್ತು. ಹಾಗಾದರೆ ಅದು ಬಾರ್ಲಿಯೇ ಎಂದು ತೀರ್ಮಾನಿಸಿದರು. ಇನ್ನೂ ನಾಲ್ಕು ಸಾಲು ಮುಂದೆ ಓದಿ ನೋಡು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ಗೊತ್ತಿಲ್ಲ.

ಇನ್ನು ವ್ಯವಹಾರ. ಹಿರಿಯನೊಬ್ಬ ‘ಹಸುವನ್ನು ತಾ’ ಎನ್ನುತ್ತಾನೆ. ಕೇಳಿದವನು ಹಸುವನ್ನು ತರುತ್ತಾನೆ. ಪಕ್ಕದಲ್ಲಿ ನಿಂತ ಮಗು ನೋಡುತ್ತದೆ. ಅದಕ್ಕೆ ಇಡೀ ಮಾತು ಒಂದು ಗಂಟು. ಆಮೇಲೆ ‘ಹಸುವನ್ನು ಕಟ್ಟು, ಕುದುರೆಯನ್ನು ತಾ’ ಎಂಬ ಮಾತು ಬರುತ್ತದೆ. ಒಂದು ಪದ ಹಾಗೇ ಇದೆ, ಒಂದು ಪದ ಬದಲಾಗಿದೆ. ಅದಕ್ಕೆ ತಕ್ಕಂತೆ ನಡೆದ ಕೆಲಸದಲ್ಲೂ ಒಂದು ಉಳಿದಿದೆ, ಒಂದು ಬದಲಾಗಿದೆ. ಮಗು ಗಂಟು ಬಿಚ್ಚಿಕೊಳ್ಳುತ್ತದೆ. ವರ್ನರ್ ಮತ್ತು ಕಪ್ಲಾನ್ ಕಂಡದ್ದೂ ಇದನ್ನೇ ಅಲ್ವಾ? ಸಣ್ಣ ಮಕ್ಕಳಿಗೆ ವಾಕ್ಯ ಇಡಿಯಾಗಿ ಒಂದು ಗಂಟು, ದೊಡ್ಡವರಾದ ಹಾಗೆ ಬಿಚ್ಚುತ್ತದೆ.

ಇದಲ್ಲದೆ, ಹಲವು ಅರ್ಥ ಇರುವ ಪದದಲ್ಲಿ ಯಾವುದನ್ನು ಆರಿಸಬೇಕು ಎನ್ನುವುದು ಬೇರೆಯೇ ಪ್ರಶ್ನೆ. ವ್ಯಾಕರಣಕಾರ ಭರ್ತೃಹರಿ ಅದಕ್ಕೆ ನೆರವಾಗುವ ಸಂಗತಿಗಳ ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದಾನೆ: ಜೊತೆಗಿರುವುದು, ವಿರೋಧ, ಪ್ರಕರಣ (ಮಾತು ಬಂದ ಸಂದರ್ಭ), ಔಚಿತ್ಯ, ದೇಶ, ಕಾಲ ಹೀಗೆ. ಲಕ್ಷ್ಮಣನ ಪಕ್ಕದಲ್ಲಿ ‘ರಾಮ’ ಎಂದರೆ ದಶರಥನ ಮಗ. ಅದೇ ರಾಮ ಅರ್ಜುನನ ಜೊತೆ ಹಗೆಯಾಗಿ ಬಂದರೆ ಅವನು ಪರಶುರಾಮ, ಎದುರಿಗಿರುವವನು ಕಾರ್ತವೀರ್ಯಾರ್ಜುನ. ಎರಡು ಹೆಸರೂ ಒಂದನ್ನೊಂದು ನೋಡಿಕೊಂಡು ತಮ್ಮ ಅರ್ಥ ನಿಶ್ಚಯಿಸಿಕೊಂಡವು. ‘ಸೈಂಧವ ತಾ’ ಎಂಬ ಮಾತೂ ಪ್ರಸಿದ್ಧ. ಊಟಕ್ಕೆ ಕೂತವನು ಹೇಳಿದರೆ ಉಪ್ಪು, ಹೊರಗೆ ಹೊರಟವನು ಹೇಳಿದರೆ ಕುದುರೆ.

ಕನ್ನಡ ಓದುವವರಿಗೆ ಪದದ ಒಳಗೇ ಸಿಗುವ ಸುಳಿವುಗಳೂ ಬಹಳ. ‘ಗಿಮ್ಮನು ಜಿಟಗೆಯಿಂದ ಲವುಕನ್ನು ಚೆಲಪಿದನು’ ಎಂದು ಬರೆಯುತ್ತೇನೆ. ಇದರಲ್ಲಿ ಒಂದೂ ನಿಜವಾದ ಪದ ಇಲ್ಲ. ಆದರೂ ಗಿಮ್ಮ ಒಬ್ಬ ಗಂಡಸು, ಏನೋ ಮಾಡಿದ, ಮಾಡಿಯೂ ಆಯಿತು, ಅದು ಲವುಕಿನ ಮೇಲೆ ನಡೆಯಿತು ಎಂದೆಲ್ಲ ನಿಮಗೆ ಗೊತ್ತಾಗಿದೆ. ಜಿಟಗೆ ಒಂದು ಸಾಧನ ಇರಬೇಕು, ಇಲ್ಲವೇ ಲವುಕು ಇದ್ದ ಜಾಗ. ವಿಭಕ್ತಿ ಮತ್ತು ಕ್ರಿಯಾಪದದ ಕೊನೆ ಇಷ್ಟು ಹೇಳುತ್ತವೆ. ಊಹಿಸಬೇಕಾದದ್ದು ಉಳಿದಷ್ಟು.

ಜೋಡುಪದಗಳು ಇನ್ನೂ ಉದಾರಿಗಳು. ‘ಕಷ್ಟಕಾರ್ಪಣ್ಯ’ ಎಂದು ಎಲ್ಲರೂ ಹೇಳುತ್ತಾರೆ. ‘ಕಾರ್ಪಣ್ಯ’ ಒಂದನ್ನೇ ಕೇಳಿದರೆ ಅರ್ಥ ಹೇಳಲು ಹಲವರು ತಡವರಿಸುತ್ತಾರೆ. ಆದರೆ ಅದು ಕಷ್ಟದ ಪಕ್ಕದಲ್ಲಿ ಕೂತು ಕೂತು, ಬಡತನ, ದೈನ್ಯ ಎಂಬ ಛಾಯೆಯನ್ನು ನಮ್ಮೊಳಗೆ ಬಿಟ್ಟಿರುತ್ತದೆ. ಮುಂದೊಂದು ದಿನ ಅದು ಒಂಟಿಯಾಗಿ ಸಿಕ್ಕಾಗ ಗುರುತು ಹತ್ತುತ್ತದೆ. ಹಳಗನ್ನಡ ಓದುವಾಗ ಪದದ ಮೊದಲಿಗಿರುವ ಪಕಾರವನ್ನು ಹಕಾರ ಮಾಡಿ ನೋಡಿದರೆ ಅರ್ಧ ಮಂಜು ಕರಗುತ್ತದೆ: ಪಾಲ್ ಹಾಲು, ಪೂ ಹೂ, ಪುಲಿ ಹುಲಿ, ಪಗೆ ಹಗೆ. ಎಲ್ಲ ಕಡೆ ಹೀಗೆ ಆಗುವುದಿಲ್ಲ. ಪಡೆ ಪಡೆಯಾಗಿಯೇ ಉಳಿದಿದೆ.

ಒಳಗಿನ ಸುಳಿವನ್ನು ಮಾತ್ರ ಹೊರಗಿನ ಸಾಲುಗಳಿಂದ ಖಾತ್ರಿ ಮಾಡಿಕೊಳ್ಳದೆ ಬಿಡಬಾರದು. ‘ಅನುತ್ತಮ’ ನೋಡಿ. ಬಿಡಿಸಿದರೆ ‘ಉತ್ತಮವಲ್ಲದ್ದು’ ಎನ್ನಿಸುತ್ತದೆ. ನಿಜವಾದ ಅರ್ಥ ಪೂರ್ತಿ ಎದುರು ದಿಕ್ಕಿನದು: ಯಾವುದಕ್ಕಿಂತ ಉತ್ತಮವಾದದ್ದು ಇನ್ನೊಂದಿಲ್ಲವೋ ಅದು. ರಾಜನನ್ನು ಹೊಗಳುವ ಸಾಲಿನ ನಡುವೆ ಈ ಪದ ಬಂದರೆ, ಹೊಗಳಿಕೆಯಲ್ಲಿ ಬೈಗುಳ ಯಾಕೆ ಬಂತು ಎಂದು ಅನುಮಾನ ಹುಟ್ಟಬೇಕು. ಆ ಅನುಮಾನವೇ ಓದುಗನನ್ನು ಕಾಪಾಡುತ್ತದೆ.

ಇದಕ್ಕಿಂತ ಕಷ್ಟದ್ದು ಗೊತ್ತಿರುವ ಪದ. ಹೌದು, ಗೊತ್ತಿರುವುದೇ. ಹಳಗನ್ನಡದಲ್ಲಿ ‘ಬಗೆ’ ಎಂದರೆ ಮನಸ್ಸು, ಆಲೋಚನೆ. ಇವತ್ತಿನ ಓದುಗರಿಗೆ ‘ಬಗೆ’ ಎಂದರೆ ವಿಧ. ಪದ ಪರಿಚಿತವಾಗಿ ಕಾಣುವುದರಿಂದ ಕಣ್ಣು ನಿಲ್ಲುವುದೇ ಇಲ್ಲ, ಊಹೆಯೂ ಶುರುವಾಗುವುದಿಲ್ಲ. ಎರಡನೆಯ ಭಾಷೆಯಲ್ಲಿ ಓದುವವರ ಬಗ್ಗೆ ಬಟಿಯಾ ಲಾಫರ್ ಇದನ್ನೇ ಹೇಳಿದ್ದಾರೆ. ಗೊತ್ತಿದೆ ಎಂದು ತಪ್ಪಾಗಿ ತಿಳಿದ ಪದ ದೊಡ್ಡ ತೊಡಕು, ಯಾಕೆಂದರೆ ತಮಗೆ ಗೊತ್ತಿಲ್ಲ ಎಂದೇ ಓದುಗರಿಗೆ ಗೊತ್ತಾಗುವುದಿಲ್ಲ. ಒಂದು ವಾಕ್ಯ ಸ್ವಲ್ಪ ಸೊಟ್ಟಗೆ ಕಂಡರೆ ಅದರಲ್ಲಿರುವ ಹೊಸ ಪದವನ್ನಷ್ಟೇ ಅಲ್ಲ, ಹಳೆಯ ಪರಿಚಯದವನ್ನೂ ಒಮ್ಮೆ ವಿಚಾರಿಸುವುದು ಒಳ್ಳೆಯದು.

ನಡುವೆ ಒಂದು ಮಾತು. ಓದಲು ಕಲಿಯುತ್ತಿರುವ ಮಗು ಅಕ್ಷರ ಕೂಡಿಸಿ ಓದುವ ಬದಲು ಪಕ್ಕದ ಚಿತ್ರ ನೋಡಿ ಪದವನ್ನೇ ಊಹಿಸಿ ಹೇಳುವುದು ಬೇರೆ. ನಾನು ಹೇಳುತ್ತಿರುವುದು ಅದಲ್ಲ. ಪದವನ್ನು ಸರಿಯಾಗಿ ಓದಿಯಾದ ಮೇಲೆ ಅದರ ಅರ್ಥ ಊಹಿಸುವುದು ಇದು. ಎರಡನ್ನೂ ಬೆರೆಸಿ ‘ಊಹಿಸು’ ಎಂದು ಹೇಳಿಕೊಟ್ಟರೆ ಮಕ್ಕಳಿಗೆ ತೊಂದರೆಯೇ ಜಾಸ್ತಿ.

ನಿಘಂಟು ಯಾವಾಗ ತೆಗೆಯಬೇಕು? ಔಷಧದ ಚೀಟಿ, ಕರಾರುಪತ್ರ, ಸುರಕ್ಷತೆಯ ಸೂಚನೆ – ಇಲ್ಲೆಲ್ಲ ಊಹೆ ಬೇಡವೇ ಬೇಡ. ಕೂಡಲೇ ನೋಡಿ, ಇಲ್ಲವೇ ತಿಳಿದವರನ್ನು ಕೇಳಿ. ಕಥೆ, ಕಾದಂಬರಿ, ಪ್ರಬಂಧದಲ್ಲಿ ಸ್ವಲ್ಪ ತಡೆದು ನೋಡುವುದು ನನಗೆ ಇಷ್ಟ. ಪದ ಎರಡು ಮೂರು ಸಲ ಸಿಕ್ಕಿರಬೇಕು, ನನ್ನದೇ ಒಂದು ಊಹೆ ತಯಾರಾಗಿರಬೇಕು. ಆಗ ನಿಘಂಟು ಬಿಚ್ಚಿದರೆ ಅಲ್ಲಿರುವ ಅರ್ಥ ಬರಿಗೈಗೆ ಬೀಳುವುದಿಲ್ಲ, ಕಾಯುತ್ತಿದ್ದ ಜಾಗಕ್ಕೆ ಬಂದು ಕೂರುತ್ತದೆ. ಪದದ ಮೇಲೆ ಬೆರಳಿಟ್ಟರೆ ತಕ್ಷಣ ಅರ್ಥ ತೋರಿಸುವ ಪರದೆಗಳು ಈಗ ಇವೆ. ಅದು ದೊಡ್ಡ ಅನುಕೂಲ, ಬೇಡ ಎನ್ನುವುದಿಲ್ಲ. ಬೆರಳಿಡುವ ಮೊದಲು ಒಂದು ಕ್ಷಣ ‘ನನಗೆ ಏನನ್ನಿಸುತ್ತದೆ?’ ಎಂದು ಕೇಳಿಕೊಂಡರೆ ಆ ಪದ ನೆನಪಿನಲ್ಲಿ ಉಳಿಯುವ ರೀತಿಯೇ ಬೇರೆ.

ಹಾಗೆ ನೋಡಿದರೆ ನಿಘಂಟು ಮತ್ತು ಸಂದರ್ಭ ಎದುರಾಳಿಗಳಲ್ಲ. ನಿಘಂಟು ಮಾಡುವವರು ಮಾಡುವುದೂ ಇದನ್ನೇ. 1928ರಲ್ಲಿ ಮುಗಿದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸಾವಿರಾರು ಓದುಗರು ತಾವು ಓದಿದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳಿಸಿದರು. ಸಂಪಾದಕರು ಆ ಚೀಟಿಗಳನ್ನು ಹರಡಿಕೊಂಡು ವಾಕ್ಯದಿಂದ ವಾಕ್ಯಕ್ಕೆ ಹೋಗುತ್ತಾ ಅರ್ಥ ಬಿಡಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಬಿಚ್ಚಿದರೂ ಅಷ್ಟೇ. ಶಾಸನದಿಂದ, ಕಾವ್ಯದಿಂದ ತೆಗೆದ ಸಾಲುಗಳು ಅರ್ಥದ ಪಕ್ಕದಲ್ಲೇ ಇವೆ. ಎಲ್ಲೋ ಒಂದೇ ಒಂದು ಸಲ ಬಂದು ಮತ್ತೆಲ್ಲೂ ಕಾಣದ ಪದಗಳ ಮುಂದೆ ದೊಡ್ಡ ದೊಡ್ಡ ವಿದ್ವಾಂಸರೂ ಒಮ್ಮತಕ್ಕೆ ಬರಲು ಕಷ್ಟಪಡುತ್ತಾರೆ. ಅವರ ಕೈಯಲ್ಲೂ ಇರುವುದು ಒಂದೇ ವಾಕ್ಯ.

ಹೊಸ ಪದಗಳನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಇರುವವರಿಗೆ ನನ್ನದೊಂದು ಕೋರಿಕೆ. ಪದ, ಅದರ ಮುಂದೆ ಅರ್ಥ ಎಂದು ಬರೆಯಬೇಡಿ. ಪದ ಸಿಕ್ಕ ವಾಕ್ಯವನ್ನು ಪೂರ್ತಿ ಬರೆಯಿರಿ, ಊಹೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಕೆಳಗೆ ನಾಲ್ಕು ಸಾಲು ಖಾಲಿ ಬಿಡಿ. ಅದೇ ಪದ ಇನ್ನೊಂದು ಕಡೆ ಸಿಕ್ಕಾಗ ಆ ವಾಕ್ಯವನ್ನೂ ಅಲ್ಲಿ ಸೇರಿಸಿ. ‘ಹಳಹಳಿ’ಯ ಕೆಳಗೆ ಮೂರನೆಯ ವಾಕ್ಯ ಬರುವ ಹೊತ್ತಿಗೆ ಅದು ಬರೀ ಪಶ್ಚಾತ್ತಾಪ ಅಲ್ಲ ಎಂದು ಗೊತ್ತಾಗುತ್ತದೆ. ಪಶ್ಚಾತ್ತಾಪಕ್ಕೆ ತಾನು ಮಾಡಿದ ತಪ್ಪು ಬೇಕು. ಹಳಹಳಿಗೆ ತಪ್ಪೇ ಬೇಕೆಂದಿಲ್ಲ, ಕಳೆದುಹೋದದ್ದು ಏನಾದರೂ ಇದ್ದರೆ ಸಾಕು. ಈ ವ್ಯತ್ಯಾಸ ‘ಹಳಹಳಿ = ಕೊರಗು’ ಎಂದು ಬರೆದಿಟ್ಟುಕೊಂಡ ಪುಟದಲ್ಲಿ ಸಿಗುವುದಿಲ್ಲ. ನಾಲ್ಕನೆಯ ವಾಕ್ಯ ಬಂದರೆ ಇನ್ನೂ ಏನಾದರೂ ಸೇರಬಹುದು, ಅಥವಾ ಈಗ ಹೇಳಿದ್ದನ್ನೇ ಅಳಿಸಿ ಬರೆಯಬೇಕಾಗಬಹುದು.